ಕ್ವಿಬೆಕ್‌ನ ಬೋರ್ಡು ನೋಡಿದಿರಿ, ಲೆಕ್ಕದ ಪುಸ್ತಕ ನೋಡಲಿಲ್ಲ

ಕನ್ನಡಪರ ಸಂಘಟನೆಗಳ ಪದಾಧಿಕಾರಿಗಳಿಗೆ, ಕರ್ನಾಟಕಕ್ಕೊಂದು ಪ್ರಾದೇಶಿಕ ಪಕ್ಷ ಬೇಕೆಂದು ಓಡಾಡುತ್ತಿರುವ ಮಿತ್ರರಿಗೆ,

ಮಾನ್ಯರೇ,

ನಿಮ್ಮ ವೇದಿಕೆಗಳಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಹೆಸರು ಆಗಾಗ ಕೇಳಿಬರುತ್ತದೆ. ಅಲ್ಲಿ ಅಂಗಡಿ ಬೋರ್ಡು ಫ್ರೆಂಚಿನಲ್ಲೇ ಇರಬೇಕಂತೆ, ವಲಸೆ ಬಂದವರ ಮಕ್ಕಳೂ ಫ್ರೆಂಚ್ ಶಾಲೆಗೇ ಹೋಗಬೇಕಂತೆ, ನಮ್ಮಲ್ಲೂ ಹಾಗಾಗಬೇಕು ಎನ್ನುವಲ್ಲಿಗೆ ಭಾಷಣ ಮುಗಿಯುತ್ತದೆ. ಬೋರ್ಡಿನ ವಿಷಯ ಮೊದಲು ಮುಗಿಸೋಣ. 1977ರ ಭಾಷಾ ಕಾಯ್ದೆ ಹೊರಗಿನ ಫಲಕದಲ್ಲಿ ಫ್ರೆಂಚ್ ಮಾತ್ರ ಇರಬೇಕೆಂದಿತ್ತು. 1988ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಸಂವಿಧಾನದ ವಿಶೇಷ ಕಲಮು ಬಳಸಿ ಪ್ರಾಂತ್ಯ ಅದನ್ನು ಐದು ವರ್ಷ ಉಳಿಸಿಕೊಂಡಿತು. 1993ರಲ್ಲಿ ಬೇರೆ ಭಾಷೆಯೂ ಇರಲಿ, ಫ್ರೆಂಚ್ ಎದ್ದು ಕಾಣಲಿ ಎಂಬ ಸೂತ್ರಕ್ಕೆ ಬಂದು ನಿಂತಿತು. ನಮ್ಮ ಶೇ 60ರ ಕನ್ನಡ ಫಲಕದ ನಿಯಮವೂ ಹೆಚ್ಚುಕಡಿಮೆ ಅದೇ. ಅಂದರೆ ಕ್ವಿಬೆಕ್‌ನಿಂದ ಬೋರ್ಡಿನ ಪಾಠ ಕಲಿತಾಯಿತು. ನಮ್ಮ ದೂರು ಉಳಿದ ಪಾಠದ ಬಗ್ಗೆ. ಆ ಪಾಠದ ಹೆಸರು ಜಾಕ್ ಪಾರಿಜೊ, ಕ್ವಿಬೆಕ್‌ನ ಹಣಕಾಸು ಸಚಿವರೂ ಆಮೇಲೆ ಪ್ರಾಂತ್ಯದ ಮುಖ್ಯಸ್ಥರೂ ಆಗಿದ್ದ ಅರ್ಥಶಾಸ್ತ್ರಜ್ಞ. ನಿಮ್ಮ ಒಂದು ಭಾಷಣದಲ್ಲೂ ಈ ಹೆಸರು ಬಂದದ್ದಿಲ್ಲ.

ಪಾರಿಜೊ ಬೀದಿ ಹೋರಾಟದಿಂದ ಬಂದವರಲ್ಲ. 1930ರಲ್ಲಿ ಮಾಂಟ್ರಿಯಲ್‌ನ ಅನುಕೂಲಸ್ಥ ವಿಮಾ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದವರು. ಮಾಂಟ್ರಿಯಲ್‌ನ ವಾಣಿಜ್ಯ ಕಾಲೇಜು, ಆಮೇಲೆ ಪ್ಯಾರಿಸ್, ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್. ಮುಂದೆ ನೊಬೆಲ್ ಪಡೆದ ಜೇಮ್ಸ್ ಮೀಡ್ ಅವರ ಬಳಿ ಸಂಶೋಧನೆ ಮಾಡಿ 1955ರಲ್ಲಿ ಡಾಕ್ಟರೇಟು ಪಡೆದು, ಓದಿದ ವಾಣಿಜ್ಯ ಕಾಲೇಜಿಗೇ ಮೇಷ್ಟರಾಗಿ ಮರಳಿದರು. ಮೂರು ತುಂಡಿನ ಸೂಟು, ಅಚ್ಚ ಬ್ರಿಟಿಷ್ ಶೈಲಿಯ ಇಂಗ್ಲಿಷು. ಫ್ರೆಂಚ್ ರಾಷ್ಟ್ರೀಯತೆಯ ಮುಂದಾಳು ಇಂಗ್ಲಿಷರಿಗಿಂತ ಹೆಚ್ಚು ಇಂಗ್ಲಿಷನಂತೆ ಮಾತಾಡುತ್ತಾನೆಂದು ಜನ ನಗುತ್ತಿದ್ದರು. ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಮಸ್ಯೂ’ ಎಂದು. ನಮ್ಮಲ್ಲಿ ‘ಸಾಹೇಬರು’ ಅನ್ನುವ ಹಾಗೆ.

ಅವರು ಕೆಲಸ ಶುರುಮಾಡಿದ ಕಾಲದ ಕ್ವಿಬೆಕ್ ಹೇಗಿತ್ತು ಎಂಬುದಕ್ಕೆ ಒಂದೇ ಲೆಕ್ಕ ಸಾಕು. 1961ರ ಜನಗಣತಿಯ ಮೇಲೆ ಒಕ್ಕೂಟ ಸರ್ಕಾರದ ಆಯೋಗವೇ ಮಾಡಿದ ಅಧ್ಯಯನದ ಪ್ರಕಾರ, ಕ್ವಿಬೆಕ್‌ನಲ್ಲಿ ಆದಾಯದ ಏಣಿಯ ಮೇಲೆ 14 ಜನಾಂಗಗಳನ್ನು ಸಾಲಾಗಿ ನಿಲ್ಲಿಸಿದರೆ ಫ್ರೆಂಚ್ ಕೆನಡಿಯನ್ನರು 12ನೆಯವರು. ಜನಸಂಖ್ಯೆಯಲ್ಲಿ ಹತ್ತಕ್ಕೆ ಎಂಟು ಮಂದಿ ಅವರೇ. ಬಹುಮತವಿತ್ತು, ವಿಧಾನಸಭೆಯೂ ಅವರ ಕೈಯಲ್ಲೇ ಇತ್ತು. ಬ್ಯಾಂಕು, ವಿದ್ಯುತ್ ಕಂಪನಿ, ಸಾಲ ಎತ್ತುವ ದಾರಿ ಇವು ಯಾವುವೂ ಅವರ ಕೈಯಲ್ಲಿರಲಿಲ್ಲ.

1962ರಲ್ಲಿ ಜಾನ್ ಲೆಸಾಜ್ ಅವರ ಸರ್ಕಾರ ಖಾಸಗಿ ವಿದ್ಯುತ್ ಕಂಪನಿಗಳನ್ನು ಕೊಳ್ಳಲು ಹೊರಟಿತು. ‘ನಮ್ಮ ಮನೆಗೆ ನಾವೇ ಯಜಮಾನರು’ ಎಂಬುದು ಆ ಚುನಾವಣೆಯ ಘೋಷಣೆ. ಆ ಘೋಷಣೆ ನಿಮಗೆ ಗೊತ್ತಿರಬಹುದು. ಅದರ ಹಿಂದಿನ ಲೆಕ್ಕವೇ ಗೊತ್ತಿರಬೇಕಾದದ್ದು: 11 ಕಂಪನಿ, ಸುಮಾರು 604 ಮಿಲಿಯನ್ ಡಾಲರ್. ಅಷ್ಟು ಹಣ ಎಲ್ಲಿಂದ? ಆಗ ಪ್ರಾಂತ್ಯದ ಸಾಲಪತ್ರಗಳನ್ನು (ಬಾಂಡುಗಳನ್ನು) ಮಾರಿಕೊಡುತ್ತಿದ್ದುದು ಎ.ಇ. ಏಮ್ಸ್ ಮತ್ತು ಬ್ಯಾಂಕ್ ಆಫ್ ಮಾಂಟ್ರಿಯಲ್ ಮುಂದಾಳತ್ವದ ದಲ್ಲಾಳಿ ಕೂಟ. ಅದಕ್ಕೆ ಇಷ್ಟವಿಲ್ಲದ ಯೋಜನೆಗೆ ಸಾಲ ಹುಟ್ಟುವುದು ಕಷ್ಟ. ಪಾರಿಜೊ ಮತ್ತು ಅವರ ಜೊತೆಗಾರ ಸಲಹೆಗಾರರು ಕಂಪನಿಗಳ ಬೆಲೆ ಕಟ್ಟಿದರು. ಕೂಟದ ಮೂಲಕ ಹೋಗುವ ಬದಲು ನ್ಯೂಯಾರ್ಕಿನಲ್ಲಿ 300 ಮಿಲಿಯನ್ ಡಾಲರ್ ಸಾಲಕ್ಕೆ ದಾರಿಯಾಯಿತು. 1963ರ ಮೇ ತಿಂಗಳಿಗೆ ಕಂಪನಿಗಳು ಪ್ರಾಂತ್ಯ ಸರ್ಕಾರದ ವಿದ್ಯುತ್ ಸಂಸ್ಥೆ ಹೈಡ್ರೋ-ಕ್ವಿಬೆಕ್ ಪಾಲಾದವು. ಗಮನಿಸಿ: ಷೇರುದಾರರಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ, ಮಾರುಕಟ್ಟೆ ಬೆಲೆಗಿಂತ ತುಸು ಹೆಚ್ಚೇ ಕೊಟ್ಟು ಕೊಂಡರು. ಹಾಗಾಗಿಯೇ ನ್ಯೂಯಾರ್ಕಿನವರು ಸಾಲ ಕೊಟ್ಟದ್ದು.

ಒಂದು ಸಲ ದಲ್ಲಾಳಿ ಕೂಟವನ್ನು ದಾಟಿದರೆ ಸಾಲದು, ಪ್ರತಿ ವರ್ಷವೂ ದಾಟಬೇಕಲ್ಲ? ಅದಕ್ಕೆ ಹುಟ್ಟಿದ್ದು ‘ಕೆಸ್ ದ ದೆಪೊ’, ಪ್ರಾಂತ್ಯದ ಠೇವಣಿ ಮತ್ತು ಹೂಡಿಕೆ ನಿಧಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಈ ಪತ್ರ ಬರೆದದ್ದೇ ಇದಕ್ಕಾಗಿ.

1964ರಲ್ಲಿ ಒಟ್ಟಾವಾದ ಒಕ್ಕೂಟ ಸರ್ಕಾರ ದೇಶಕ್ಕೆಲ್ಲ ಒಂದೇ ವೃದ್ಧಾಪ್ಯ ಪಿಂಚಣಿ ಯೋಜನೆ ತರಲು ಹೊರಟಿತು. ಅದರ ಮೊದಲ ಕರಡಿನಲ್ಲಿ ಈ ವರ್ಷ ಬಂದ ವಂತಿಗೆಯನ್ನು ಈ ವರ್ಷದ ವೃದ್ಧರಿಗೇ ಹಂಚುವ ಲೆಕ್ಕವಿತ್ತು, ದೊಡ್ಡ ನಿಧಿ ಕೂಡಿಡುವ ಮಾತಿರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಗಳ ಸಭೆಯಲ್ಲಿ ಲೆಸಾಜ್ ತಮ್ಮದೇ ಯೋಜನೆ ತೆಗೆದು ಮುಂದಿಟ್ಟರು. ಪ್ರತಿಭಟನೆಯಲ್ಲ, ಕಾಗದ. ಪಿಂಚಣಿಯೂ ಹೆಚ್ಚು, ನಿಧಿಯೂ ದೊಡ್ಡದು. ಬೇರೆ ಪ್ರಾಂತ್ಯದವರೇ ಅದನ್ನು ಆಸೆಯ ಕಣ್ಣಿನಿಂದ ನೋಡಿದರು. ಒಟ್ಟಾವಾ ತನ್ನ ಯೋಜನೆ ತಿದ್ದಿಕೊಂಡಿತು, ಕ್ವಿಬೆಕ್ ತನ್ನದನ್ನು ತಾನೇ ನಡೆಸುವ ಹಕ್ಕು ಪಡೆಯಿತು. 1966ರ ಜನವರಿ 1ರಿಂದ ಉದ್ಯೋಗಿಯ ಸಂಬಳದಿಂದ ಶೇ 1.8, ಧಣಿಯಿಂದ ಶೇ 1.8, ಒಟ್ಟು ಶೇ 3.6 ವಂತಿಗೆ ಬರತೊಡಗಿತು. ಹೊಸ ಯೋಜನೆಯಲ್ಲಿ ಮೊದಲ ವರ್ಷಗಳಲ್ಲಿ ಕಟ್ಟುವವರು ಲಕ್ಷಾಂತರ, ಪಡೆಯುವವರು ಬೆರಳೆಣಿಕೆ. ಹಾಗಾಗಿ ಹಣ ರಾಶಿ ಬೀಳುತ್ತದೆ. ಆ ರಾಶಿ ಎಲ್ಲಿರಬೇಕು ಎಂಬುದೇ ಪ್ರಶ್ನೆ. ಉಳಿದ ಪ್ರಾಂತ್ಯಗಳಲ್ಲಿ ಅದು ನಿಗದಿತ ಬಡ್ಡಿಗೆ ಪ್ರಾಂತ್ಯ ಸರ್ಕಾರಗಳ ಸಾಲವಾಗಿ ಹೋಗಿ ಖರ್ಚಾಯಿತು. ಕ್ವಿಬೆಕ್‌ನಲ್ಲಿ 1965ರ ಜುಲೈನಲ್ಲೇ ಕಾಯ್ದೆ ಮಾಡಿ ಕಟ್ಟಿದ ಕೆಸ್‌ಗೆ ಹೋಯಿತು.

ಕೆಸ್ ಎರಡು ಕೆಲಸ ಮಾಡಿತು. ಪ್ರಾಂತ್ಯದ ಸಾಲಪತ್ರಕ್ಕೆ ಸದಾ ಒಬ್ಬ ಗಿರಾಕಿ ಇದ್ದಾನೆಂದಾಯಿತು, ‘ನಾವು ಕೊಳ್ಳುವುದಿಲ್ಲ’ ಎಂಬ ದಲ್ಲಾಳಿ ಕೂಟದ ಬೆದರಿಕೆಗೆ ಬೆಲೆಯಿಲ್ಲದಾಯಿತು. ಜೊತೆಗೆ ಷೇರು ಕೊಳ್ಳುವ ಅಧಿಕಾರವಿದ್ದುದರಿಂದ ಫ್ರೆಂಚ್ ಭಾಷಿಕರ ಕಂಪನಿಗಳಿಗೆ ಬಂಡವಾಳ ಸಿಕ್ಕಿತು. ಇದರ ಬಿಸಿ ಎಷ್ಟು ತಟ್ಟಿತೆಂದರೆ, ಕೆಸ್ ಕೆನೇಡಿಯನ್ ಪೆಸಿಫಿಕ್ ಎಂಬ ರೈಲು ಕಂಪನಿಯ ಷೇರು ಕೂಡಿಹಾಕುತ್ತಿದೆ ಎಂದು 1982ರಲ್ಲಿ ಒಟ್ಟಾವಾ ಮಸೂದೆಯೊಂದನ್ನೇ ತಂದಿತು: ಅಂತರಪ್ರಾಂತ್ಯ ಸಾರಿಗೆ ಕಂಪನಿಗಳಲ್ಲಿ ಪ್ರಾಂತ್ಯ ಸಂಸ್ಥೆಗಳಿಗೆ ಶೇ 10ಕ್ಕಿಂತ ಹೆಚ್ಚು ಮತದ ಷೇರು ಕೂಡದು. ಕ್ವಿಬೆಕ್‌ನ ವ್ಯಾಪಾರಿಗಳೇ ತಿರುಗಿಬಿದ್ದ ಮೇಲೆ ಆ ಮಸೂದೆ ಪಾಸಾಗದೆ ಸತ್ತಿತು. 2024ರ ಕೊನೆಗೆ ಕೆಸ್ ಬಳಿ ಇದ್ದದ್ದು 473 ಬಿಲಿಯನ್ ಕೆನೇಡಿಯನ್ ಡಾಲರ್. ದೆಹಲಿಯಲ್ಲೂ ಅದರದೊಂದು ಕಚೇರಿ ಇದೆ. ನಮ್ಮ ದೇಶದ ಕಂಪನಿಗಳಲ್ಲಿ ಅಲ್ಲಿಯ ಶಾಲಾ ಮೇಷ್ಟರ ಪಿಂಚಣಿ ಹಣ ದುಡಿಯುತ್ತಿದೆ.

ಎಲ್ಲವೂ ಚೆನ್ನಾಗಿಯೇ ಆಯಿತೆಂದಲ್ಲ. ಸ್ಟೈನ್‌ಬರ್ಗ್ ಎಂಬ ದೊಡ್ಡ ದಿನಸಿ ಅಂಗಡಿಗಳ ಸರಪಳಿ ಹೊರಗಿನವರ ಪಾಲಾಗಬಾರದೆಂದು 1989ರಲ್ಲಿ ಕೆಸ್ ಒಬ್ಬ ಸ್ಥಳೀಯ ಖರೀದಿದಾರನ ಬೆನ್ನಿಗೆ ನಿಂತಿತು. ಮೂರೇ ವರ್ಷದಲ್ಲಿ ಕಂಪನಿ ಮುಳುಗಿತು, ಹಣವೂ. ‘ನಮ್ಮವನು’ ಎಂಬುದು ಸಾಲ ತೀರಿಸುವ ಶಕ್ತಿಗೆ ಪುರಾವೆಯಲ್ಲ. 2004ರಲ್ಲಿ ಕೆಸ್‌ನ ಕಾಯ್ದೆ ತಿದ್ದಿ ಲಾಭಕ್ಕೆ ಮೊದಲ ಮಣೆ ಹಾಕಿದರು. 2008ರಲ್ಲಿ 39.8 ಬಿಲಿಯನ್ ಡಾಲರ್ ನಷ್ಟವಾಯಿತು, ಅದರಲ್ಲಿ ಒಂದು ಪಾಲು ಅಡಮಾನದ ಅಲ್ಪಾವಧಿ ಕಾಗದಗಳಲ್ಲಿ ಅತಿಯಾಗಿ ಹೂಡಿದ್ದರಿಂದ. ಆಗ 78ರ ಪಾರಿಜೊ ಮತ್ತೆ ಎದ್ದುಬಂದು ಆ ತಿದ್ದುಪಡಿಯನ್ನೇ ದೂರಿದರು.

ಈಗ ರಾಜಕೀಯ. 1967ರ ಅಕ್ಟೋಬರ್‌ವರೆಗೆ ಈ ಮನುಷ್ಯ ಒಕ್ಕೂಟವಾದಿ. ಆ ತಿಂಗಳು ಪಶ್ಚಿಮ ಕೆನಡಾದ ಬ್ಯಾನ್ಫ್‌ನಲ್ಲೊಂದು ಸಮ್ಮೇಳನಕ್ಕೆ ರೈಲಿನಲ್ಲಿ ಹೊರಟರು, ದಾರಿಯುದ್ದಕ್ಕೂ ಭಾಷಣ ಬರೆದರು, ರೈಲು ಇಳಿಯುವಾಗ ಪ್ರತ್ಯೇಕತಾವಾದಿಯಾಗಿದ್ದರು. ಈ ಕತೆಯನ್ನು ಅವರೇ ಹೇಳುತ್ತಿದ್ದರು. ಆದರೆ ಕಾರಣ ನೀವು ಊಹಿಸುವಂಥದ್ದಲ್ಲ. ಒಟ್ಟಾವಾ ದಬ್ಬಾಳಿಕೆ ಮಾಡುತ್ತಿದೆ ಎಂದಲ್ಲ, ಅಧಿಕಾರವೆಲ್ಲ ಪ್ರಾಂತ್ಯಗಳಿಗೆ ಹಂಚಿಹೋಗಿ ಒಟ್ಟಾವಾ ಬಡಕಲಾಗುತ್ತಿದೆ, ಹೀಗಾದರೆ ಆರ್ಥಿಕತೆಯನ್ನು ನಡೆಸುವವರೇ ಇರುವುದಿಲ್ಲ ಎಂದು ಅವರ ತರ್ಕ. ಎಲ್ಲೋ ಒಂದು ಕಡೆ ಪೂರ್ಣ ಸರ್ಕಾರವಿರಬೇಕು, ಕ್ವಿಬೆಕ್ ಜನ ಅದನ್ನು ಒಟ್ಟಾವಾದಲ್ಲಿರಲು ಬಿಡುವುದಿಲ್ಲ, ಆದ್ದರಿಂದ ಅದು ಕ್ವಿಬೆಕ್‌ನಲ್ಲೇ ಆಗಲಿ. ತರ್ಕ ಸರಿಯೋ ತಪ್ಪೋ ಬೇರೆ ಮಾತು. (ನಮ್ಮ ಈ ಪತ್ರದ ಮಾತು ಒಕ್ಕೂಟದೊಳಗಿನದು, ಪ್ರತ್ಯೇಕತೆ ನಮ್ಮ ವಿಷಯವಲ್ಲ.)

1969ರಲ್ಲಿ, ಕ್ವಿಬೆಕ್ ಪ್ರತ್ಯೇಕವಾಗಬೇಕೆನ್ನುವ ರೆನೆ ಲೆವೆಕ್ ಅವರ ಪಕ್ಷ ‘ಪಾರ್ಟಿ ಕೆಬೆಕ್ವಾ’ ಸೇರಿದರು. 1970ರಲ್ಲಿ ಸೋತರು, 1973ರಲ್ಲೂ ಸೋತರು. 1973ರ ಸೋಲು ನಿಮ್ಮ ಓದಿಗೆ ಯೋಗ್ಯ: ಸ್ವತಂತ್ರ ಕ್ವಿಬೆಕ್‌ನ ‘ಮೊದಲ ವರ್ಷದ ಬಜೆಟ್’ ಎಂದು ಪೂರಾ ಆಯವ್ಯಯವನ್ನೇ ಬರೆದು ಚುನಾವಣೆಯ ನಡುವೆ ಬಿಡುಗಡೆ ಮಾಡಿದರು. ಎದುರಾಳಿಗಳು ಮಿಕ್ಕೆಲ್ಲ ಬಿಟ್ಟು ಆ ಅಂಕಿಗಳನ್ನೇ ಹರಿದು ಹಾಕಿದರು, ಚುನಾವಣೆ ಆ ಬಜೆಟ್ಟಿನ ಮೇಲೇ ನಡೆದುಹೋಯಿತು. ಲೆಕ್ಕ ತೋರಿಸುವುದಕ್ಕೂ ಹೊತ್ತು ಗೊತ್ತು ಇದೆ. ಆದರೆ ಮೂರೇ ವರ್ಷದಲ್ಲಿ, 1976ರ ನವೆಂಬರ್ 15ರಂದು, ಅದೇ ಪಕ್ಷ 110ರಲ್ಲಿ 71 ಸ್ಥಾನ ಗೆದ್ದಾಗ ಹಣಕಾಸು ಖಾತೆಗೆ ಯಾರೆಂದು ಹುಡುಕಬೇಕಾಗಲಿಲ್ಲ. ನಿಮ್ಮ ಪಕ್ಷ ನಾಳೆ ಗೆದ್ದರೆ ಬಜೆಟ್ ಬರೆಯುವವರು ಯಾರು ಎಂದು ನಿಮ್ಮನ್ನು ಕೇಳಿದರೆ ಏನು ಹೇಳುತ್ತೀರಿ?

ಹಣಕಾಸು ಸಚಿವರಾಗಿ 1984ರವರೆಗೆ ಅವರು ಮಾಡಿದ್ದರಲ್ಲಿ ಮೂರನ್ನು ಮಾತ್ರ ಹೇಳುತ್ತೇವೆ. ಮೊದಲನೆಯದು 1978ರ ಮಾರಾಟ ತೆರಿಗೆ ಜಗಳ. ಪ್ರಾಂತ್ಯಗಳು ಮಾರಾಟ ತೆರಿಗೆಯನ್ನು ಎಲ್ಲ ಸರಕಿನ ಮೇಲೂ ಸಮನಾಗಿ ಕೆಲ ತಿಂಗಳು ಇಳಿಸಲಿ, ನಷ್ಟದ ಬಹುಪಾಲು ನಾವು ತುಂಬಿಕೊಡುತ್ತೇವೆ ಎಂದು ಒಟ್ಟಾವಾದ ಹಣಕಾಸು ಸಚಿವ ಜಾನ್ ಕ್ರೆತಿಯಾನ್ ಹೇಳಿದರು. ಎಲ್ಲದರ ಮೇಲೆ ಇಳಿಸಿದರೆ ಲಾಭವಾಗುವುದು ಒಂಟಾರಿಯೊದ ಕಾರು ಕಾರ್ಖಾನೆಗಳಿಗೆ. ಪಾರಿಜೊ ಶೇ 8ರ ತೆರಿಗೆಯನ್ನು ಬಟ್ಟೆ, ಚಪ್ಪಲಿ-ಬೂಟು, ಪೀಠೋಪಕರಣಗಳ ಮೇಲೆ ಪೂರ್ತಿ ತೆಗೆದುಹಾಕಿ, ಉಳಿದದ್ದನ್ನು ಹಾಗೆಯೇ ಬಿಟ್ಟರು. ಅವು ಮೂರೂ ಕ್ವಿಬೆಕ್‌ನ ಕಾರ್ಮಿಕರು ಮಾಡುವ ಸರಕು. ಒಟ್ಟಾವಾ ಸಿಟ್ಟಾಗಿ, ಪ್ರಾಂತ್ಯಕ್ಕೆ ಕೊಡಬೇಕಾದ ಹಣವನ್ನು ತಲೆಗೆ 85 ಡಾಲರ್‌ವರೆಗೆ ನೇರ ತೆರಿಗೆದಾರರಿಗೇ ಕೊಟ್ಟಿತು. ಎಷ್ಟು ದರ ಎಂಬುದಕ್ಕಿಂತ ಯಾವ ಸರಕಿಗೆ ಎಂಬುದು ಮುಖ್ಯವೆಂದು ಪ್ರಾಂತ್ಯವೊಂದು ಅರಿತಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಜಿಎಸ್‌ಟಿ ಬಂದ ಮೇಲೆ ನಮ್ಮ ರಾಜ್ಯಗಳ ಕೈಯಿಂದ ಜಾರಿಹೋದದ್ದು ಇದೇ ಬಗೆಯ ಅಧಿಕಾರ.

ಎರಡನೆಯದು 1979ರ ಷೇರು ಉಳಿತಾಯ ಯೋಜನೆ. ಕ್ವಿಬೆಕ್ ಕಂಪನಿಗಳು ಹೊಸದಾಗಿ ಬಿಡುಗಡೆ ಮಾಡುವ ಷೇರನ್ನು ಕೊಂಡರೆ, ಕೊಟ್ಟ ಹಣವನ್ನು ಪ್ರಾಂತ್ಯದ ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಬಹುದು. ಹಳೆಯ ಷೇರಿಗೆ ಇಲ್ಲ, ಕಂಪನಿಗೆ ಹೊಸ ಬಂಡವಾಳ ಹೋಗಬೇಕು. ಮೊದಲ ವರ್ಷಗಳಲ್ಲಿ ಬಹುಪಾಲು ಹಣ ದೊಡ್ಡ ಕಂಪನಿಗಳಿಗೇ ಹರಿಯಿತು. 1983ರಲ್ಲಿ ನಿಯಮ ತಿದ್ದಿ ಸಣ್ಣ ಕಂಪನಿಗೆ ಹೆಚ್ಚು ರಿಯಾಯಿತಿ ಕೊಟ್ಟರು. ಕಾಗದ ಕಾರ್ಖಾನೆಯ ಕಾಸ್ಕಾದ್, ಇಂದು ಬೆಂಗಳೂರಿನಲ್ಲೂ ದೊಡ್ಡ ಕಚೇರಿಯಿರುವ ಸಿಜಿಐ ಬೆಳೆದದ್ದು ಆ ಹೊತ್ತಿನಲ್ಲಿ. ಆಮೇಲೆ ಕೆಟ್ಟದ್ದೂ ಇದರಿಂದಲೇ. ಜನ ಕಂಪನಿ ನೋಡಿ ಕೊಳ್ಳದೆ ತೆರಿಗೆ ಉಳಿತಾಯ ನೋಡಿ ಕೊಂಡರು. ಟೊಳ್ಳು ಕಂಪನಿಗಳೂ ದುಬಾರಿ ಬೆಲೆಗೆ ಷೇರು ಮಾರಿದವು. 1987ರ ಅಕ್ಟೋಬರ್‌ನಲ್ಲಿ ಪೇಟೆ ಕುಸಿದಾಗ ಸಣ್ಣ ಹೂಡಿಕೆದಾರರು ಕೈಸುಟ್ಟುಕೊಂಡರು. ತೆರಿಗೆ ರಿಯಾಯಿತಿಯ ದೊಡ್ಡ ಪಾಲು ಹೋದದ್ದೂ ಹೆಚ್ಚು ತೆರಿಗೆ ಕಟ್ಟುವ ಉಳ್ಳವರಿಗೇ.

ಮೂರನೆಯದು 1983ರ ಕಾರ್ಮಿಕ ಸಂಘದ ಐಕ್ಯನಿಧಿ. ಸಂಘದ ನಾಯಕ ಲೂಯಿ ಲಾಬೇರ್ಜ್ ಅವರ ಯೋಜನೆ, ಪಾರಿಜೊ ಖಾತೆಯ ತೆರಿಗೆ ರಿಯಾಯಿತಿ. ಕಾರ್ಮಿಕ ಸಂಬಳದಿಂದ ಉಳಿಸುತ್ತಾನೆ, ಹಣ ನಿವೃತ್ತಿಯವರೆಗೆ ಬಂದಿ. ಆಸ್ತಿಯ ಶೇ 60ರಷ್ಟು ಕ್ವಿಬೆಕ್‌ನ ಉದ್ದಿಮೆಗಳಲ್ಲಿ ಇರಲೇಬೇಕಿತ್ತು. ಈ ಕೊನೆಯ ಷರತ್ತು ಇರದಿದ್ದರೆ ಅದು ಇನ್ನೊಂದು ಮ್ಯೂಚುವಲ್ ಫಂಡ್ ಆಗುತ್ತಿತ್ತು.

ಇದೇ ಸರ್ಕಾರ ಕಲ್ನಾರು ಗಣಿ ಕೊಳ್ಳಲು ಹೋಗಿ, ಕಲ್ನಾರಿನಿಂದ ಕ್ಯಾನ್ಸರ್ ಎಂದು ಜಗತ್ತು ಅದನ್ನು ಬಿಡುತ್ತಿದ್ದ ಹೊತ್ತಿನಲ್ಲೇ ಹಣ ಸುರಿಯಿತು. 1982ರ ಹಿಂಜರಿತದಲ್ಲಿ ಬೊಕ್ಕಸ ಬರಿದಾದಾಗ ಸರ್ಕಾರಿ ನೌಕರರ ಸಂಬಳವನ್ನು 1983ರ ಮೊದಲ ಮೂರು ತಿಂಗಳು ಸುಮಾರು ಶೇ 20ರವರೆಗೆ ಕತ್ತರಿಸಿತು. ಆ ಮೇಷ್ಟರು, ಗುಮಾಸ್ತರು, ದಾದಿಯರೇ ಪಕ್ಷದ ಬೆನ್ನೆಲುಬಾಗಿದ್ದವರು. 1985ರಲ್ಲಿ ಪಕ್ಷ ಸೋತಿತು. ಅಷ್ಟು ಹೊತ್ತಿಗೆ ಪಾರಿಜೊ ಹೊರಗಿದ್ದರು. ಒಟ್ಟಾವಾದೊಂದಿಗೆ ರಾಜಿಯ ದಾರಿ ಹಿಡಿದ ಲೆವೆಕ್‌ರನ್ನು ಒಪ್ಪದೆ 1984ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟು ಮತ್ತೆ ಪಾಠ ಮಾಡಲು ಹೋಗಿದ್ದರು. 1988ರಲ್ಲಿ ಪಕ್ಷಾಧ್ಯಕ್ಷರಾದರು. ಆ ವರ್ಷ ಅಮೆರಿಕದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದವನ್ನು ಕೆನಡಾದ ಬಹುತೇಕ ರಾಷ್ಟ್ರೀಯವಾದಿಗಳು ವಿರೋಧಿಸಿದರೆ ಇವರು ಬೆಂಬಲಿಸಿದರು: ದಕ್ಷಿಣದ ಮಾರುಕಟ್ಟೆ ತೆರೆದರೆ ಕೆನಡಾದ ಮಾರುಕಟ್ಟೆಯ ಮೇಲಿನ ಅವಲಂಬನೆ ಇಳಿಯುತ್ತದೆ ಎಂದು. 1994ರ ಸೆಪ್ಟೆಂಬರ್‌ನಲ್ಲಿ 125ರಲ್ಲಿ 77 ಸ್ಥಾನ ಗೆದ್ದು ಪ್ರಾಂತ್ಯದ ಮುಖ್ಯಸ್ಥರಾದರು. ಎದುರಾಳಿಗಿಂತ ಹೆಚ್ಚು ಬಂದ ಮತ ಅರ್ಧ ಪರ್ಸೆಂಟೂ ಇರಲಿಲ್ಲ.

1995ರ ಅಕ್ಟೋಬರ್ 30ರಂದು, ಕ್ವಿಬೆಕ್ ಪ್ರತ್ಯೇಕವಾಗಬೇಕೇ ಎಂಬ ಜನಮತಗಣನೆ. ಗೆದ್ದ ಮರುದಿನ ಸಾಲಪತ್ರ ಪೇಟೆ ಕುಸಿಯದಿರಲೆಂದು ಕೆಸ್, ಹೈಡ್ರೋ, ಹಣಕಾಸು ಇಲಾಖೆಗಳ ನಡುವೆ ಸುಮಾರು 17 ಬಿಲಿಯನ್ ಡಾಲರ್ ನಗದನ್ನು ಮೊದಲೇ ಸಜ್ಜುಮಾಡಿಟ್ಟಿದ್ದರು. ಅಷ್ಟು ಮುಂದಾಲೋಚನೆ. ಶೇ 93.5 ಮತದಾನ. ಬೇಡ ಎಂದವರು ಶೇ 50.58, ಬೇಕು ಎಂದವರು ಶೇ 49.42. ಅಂತರ 54,288 ಮತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ರಾತ್ರಿ ಪಾರಿಜೊ ವೇದಿಕೆಗೆ ಬಂದು, ನಾವು ಸೋತದ್ದು ಹಣದಿಂದ ಮತ್ತು ‘ಎಥ್ನಿಕ್’ ಮತಗಳಿಂದ, ಅಂದರೆ ವಲಸೆ ಸಮುದಾಯಗಳ ಮತಗಳಿಂದ ಎಂದುಬಿಟ್ಟರು. ಮರುದಿನ ರಾಜೀನಾಮೆ ಘೋಷಿಸಿದರು.

ಮಾನ್ಯರೇ, ನಿಮ್ಮಲ್ಲಿ ಕೆಲವರು ಈ ಮಾತು ಕೇಳಿದರೆ ಚಪ್ಪಾಳೆ ತಟ್ಟುತ್ತೀರಿ ಎಂಬ ಭಯ ನಮಗಿದೆ. ಅದಕ್ಕೇ ಲೆಕ್ಕ ಹಾಕೋಣ. ಫ್ರೆಂಚ್ ಮಾತೃಭಾಷೆಯಲ್ಲದವರು ಜನಸಂಖ್ಯೆಯ ಶೇ 18ರ ಆಸುಪಾಸು. ಅವರೆಲ್ಲರೂ, ಒಬ್ಬರೂ ಬಿಡದಂತೆ ಬೇಡ ಎಂದಿದ್ದರೂ ಆದದ್ದು 18. ಬೇಡ ಎಂಬ ಒಟ್ಟು ಮತ 50.58. ಉಳಿದ 32 ಚಿಲ್ಲರೆ ಯಾರದು? ಫ್ರೆಂಚರದ್ದೇ. ಐವರು ಫ್ರೆಂಚರಲ್ಲಿ ಇಬ್ಬರು ಬೇಡ ಎಂದಿದ್ದರು. ಲಂಡನ್ನಿನ ಡಾಕ್ಟರೇಟಿನ ಅರ್ಥಶಾಸ್ತ್ರಜ್ಞ ಮೂರನೇ ತರಗತಿಯ ಕೂಡು-ಕಳೆಯುವ ಲೆಕ್ಕ ತಪ್ಪಿದ್ದು ಸಿಟ್ಟಿನಿಂದ. ಅವರ ಮೊದಲ ಹೆಂಡತಿ, ಕಾದಂಬರಿಕಾರ್ತಿ ಆಲಿಸ್, ಪೋಲೆಂಡಿನಿಂದ ವಲಸೆ ಬಂದವರು ಎಂಬುದೂ ಆ ರಾತ್ರಿ ನೆನಪಾಗಲಿಲ್ಲವೇನೋ. ಮೂವತ್ತು ವರ್ಷ ಕಟ್ಟಿದ್ದೆಲ್ಲ ಜಗತ್ತಿನ ಕಣ್ಣಲ್ಲಿ ಒಂದು ವಾಕ್ಯಕ್ಕೆ ಇಳಿಯಿತು. 2013ರಲ್ಲಿ ಅವರದೇ ಪಕ್ಷ ಸರ್ಕಾರಿ ನೌಕರರು ಧಾರ್ಮಿಕ ಚಿಹ್ನೆ ಧರಿಸಬಾರದೆಂದು ಹೊರಟಾಗ, ಇದು ಅತಿಯಾಯಿತೆಂದು ಪತ್ರಿಕೆಯಲ್ಲಿ ಬರೆದು ವಿರೋಧಿಸಿದವರೂ ಇದೇ ಪಾರಿಜೊ. ಆದರೆ 2015ರಲ್ಲಿ ತೀರಿಕೊಂಡಾಗ ಕ್ವಿಬೆಕ್ ಹೊರಗಿನ ಪತ್ರಿಕೆಗಳು ಎತ್ತಿ ಆಡಿದ್ದು ಮತ್ತೆ ಆ ರಾತ್ರಿಯ ಮಾತನ್ನೇ.

ನಮ್ಮ ಬೇಡಿಕೆಗೆ ಬರುತ್ತೇವೆ. ಕರ್ನಾಟಕ ಕ್ವಿಬೆಕ್ ಅಲ್ಲ. ಅವರು 1954ರಿಂದ ತಮ್ಮ ಆದಾಯ ತೆರಿಗೆಯನ್ನು ತಾವೇ ವಸೂಲು ಮಾಡುತ್ತಾರೆ, ನಮಗೆ ಆ ಅಧಿಕಾರವಿಲ್ಲ. ಸಂವಿಧಾನದ 293ನೇ ವಿಧಿಯ ಕಾರಣ ಸಾಲ ಎತ್ತಲೂ ನಾವು ಕೇಂದ್ರದ ಒಪ್ಪಿಗೆ ಕೇಳಬೇಕು. ಆದರೂ ಕೇಳಬಹುದಾದ ಪ್ರಶ್ನೆಗಳಿವೆ, ನೀವು ಕೇಳಲಿಲ್ಲ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ 2017ರಲ್ಲಿ ಎಸ್‌ಬಿಐನಲ್ಲಿ ಕರಗಿತು. 2019 ಮತ್ತು 2020ರ ಏಪ್ರಿಲ್ 1ರಂದು ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳ ಹೆಸರೂ ಹೋಯಿತು. ಕರಾವಳಿಯಲ್ಲಿ ಸಭೆಗಳಾದವು, ಬ್ಯಾಂಕ್ ನೌಕರರು ಕೂಗಿದರು. ಬೋರ್ಡಿನ ವಿಷಯಕ್ಕೆ ಸೇರಿದ ಜನದಲ್ಲಿ ಹತ್ತರಲ್ಲೊಂದು ಭಾಗ ಅಲ್ಲಿ ಸೇರಿತ್ತೇ? 15ನೇ ಹಣಕಾಸು ಆಯೋಗದಲ್ಲಿ ಕೇಂದ್ರ ತೆರಿಗೆಯಲ್ಲಿನ ರಾಜ್ಯದ ಪಾಲು ಶೇ 4.713ರಿಂದ 3.647ಕ್ಕೆ ಇಳಿದದ್ದನ್ನು ನೀವು ಘೋಷಣೆಯಾಗಿ ಕೂಗಿದ್ದು ಇಳಿದ ಮೇಲೆ. ಆಯೋಗ ಅಹವಾಲು ಕೇಳುವಾಗ, ತಲಾದಾಯದ ಅಂತರಕ್ಕೆ ಎಷ್ಟು ತೂಕ, ಜನಸಂಖ್ಯೆಗೆ ಎಷ್ಟು ಎಂದು ಬದಲಿ ಸೂತ್ರ ಬರೆದು ಕೊಟ್ಟ ಸಂಘಟನೆ ಎಷ್ಟು?

ಇನ್ನು ಪಿಂಚಣಿ. 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ನೌಕರರ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10, ಸರ್ಕಾರದ ಶೇ 14, ತಿಂಗಳು ತಿಂಗಳು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಹೋಗುತ್ತದೆ. ಅಲ್ಲಿಂದ ಎಸ್‌ಬಿಐ, ಎಲ್‌ಐಸಿ, ಯುಟಿಐಗಳ ನಿಧಿಗಳಿಗೆ. 1965ರಲ್ಲಿ ಕ್ವಿಬೆಕ್ ಎದುರಿಸಿದ ಪ್ರಶ್ನೆಯೇ ಇದು: ರಾಶಿ ಎಲ್ಲಿರಬೇಕು? ನೀವು ಹಳೇ ಪಿಂಚಣಿ ಹೋರಾಟಕ್ಕೆ ಬೆಂಬಲ ಕೊಟ್ಟಿರಿ, ನೌಕರರ ಭದ್ರತೆಯ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಹಳೇ ಪದ್ಧತಿಯಲ್ಲಿ ನಿಧಿಯೇ ಇಲ್ಲ, ವರ್ಷದ ತೆರಿಗೆಯಿಂದ ವರ್ಷದ ಪಿಂಚಣಿ. ಖಚಿತ ಪಿಂಚಣಿಯೂ ಇದ್ದು, ನಿಧಿಯೂ ಇದ್ದು, ಅದರ ಒಂದು ಪಾಲು ರಾಜ್ಯದ ಸಾಲಪತ್ರ ಕೊಳ್ಳುವಂತಹ ಮೂರನೇ ದಾರಿ ಸಾಧ್ಯವೇ ಎಂದು ಯಾರೂ ಕೇಳಲಿಲ್ಲ. ನೌಕರರಿಗೆ ಕಡ್ಡಾಯ ವಿಮೆ ನಡೆಸುವ ಕೆಜಿಐಡಿ ಎಂಬ ಇಲಾಖೆ ಮೈಸೂರು ಅರಸರ ಕಾಲದಿಂದ ನಮ್ಮದೇ ಇದೆ, ಅದರ ಹಣ ಹೇಗೆ ದುಡಿಯುತ್ತಿದೆ ಎಂದು ವಿಧಾನಸೌಧದಲ್ಲಿ ಪ್ರಶ್ನೆ ಹಾಕಿಸಲು ಒಬ್ಬ ಶಾಸಕ ಸಾಕು.

ಆದ್ದರಿಂದ ಕೋರಿಕೆ ಇಷ್ಟು. ಪ್ರತಿ ಸಂಘಟನೆಯೂ ರಾಜ್ಯ ಬಜೆಟ್ಟಿನ ಸಂಪುಟಗಳನ್ನು ಓದಬಲ್ಲ ಇಬ್ಬರನ್ನಾದರೂ ಇಟ್ಟುಕೊಳ್ಳಲಿ, ಭಾಷಣದ ಪ್ರತಿಯಲ್ಲ, ಸಾಲ ಮತ್ತು ಸಾರ್ವಜನಿಕ ಲೆಕ್ಕದ ಸಂಪುಟ. ಎನ್‌ಪಿಎಸ್‌ಗೆ ರಾಜ್ಯದಿಂದ ಹೋದ ಒಟ್ಟು ಮೊತ್ತ, ಕೆಜಿಐಡಿ ನಿಧಿಯ ಆದಾಯ, ರಾಜ್ಯದ ಸಾಲಪತ್ರ ಯಾರ ಬಳಿ ಎಷ್ಟಿದೆ ಎಂಬ ಮೂರು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಬಂದ ಉತ್ತರವನ್ನು ಕನ್ನಡದಲ್ಲಿ ಪ್ರಕಟಿಸಿ. ಪಕ್ಷ ಕಟ್ಟುವವರು ಅಭ್ಯರ್ಥಿ ಪಟ್ಟಿಗೆ ಮುಂಚೆ ಹಣಕಾಸು ಟಿಪ್ಪಣಿ ಬರೆಯಲಿ, ಚುನಾವಣೆಯ ಹಿಂದಿನ ವಾರ ಬಿಡುಗಡೆ ಮಾಡದಿರಲಿ. ಸೋತ ರಾತ್ರಿ ಮೈಕಿನ ಮುಂದೆ ಯಾರು ನಿಲ್ಲಬೇಕು, ಏನು ಹೇಳಬಾರದು ಎಂಬುದನ್ನೂ ಆ ಟಿಪ್ಪಣಿಯಲ್ಲೇ ಬರೆದಿಟ್ಟುಕೊಳ್ಳಿ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ.

ಇಂತಿ,
ಕ್ವಿಬೆಕ್‌ನ ಹಣಕಾಸು ಚರಿತ್ರೆಯನ್ನು ಓದಿಕೊಂಡು ಬಂದ ಕೆಲವು ಕನ್ನಡಿಗರು